ಬಿಳಿಚಿದ ಹವಳಕ್ಕೆ ಯಾವ ಬಣ್ಣ?

ಹವಳದ ದಿಬ್ಬದ ಚಿತ್ರ ಬರೆಯಲು ಹೇಳಿ ಮಕ್ಕಳ ಮುಂದೆ ಬಣ್ಣದ ಪೆಟ್ಟಿಗೆ ಇಟ್ಟು ನೋಡಿ. ಹೆಚ್ಚಿನವರ ಕೈ ಮೊದಲು ಹೋಗುವುದು ಕೆಂಪಿಗೆ. ತಪ್ಪು ಅವರದಲ್ಲ. ಮನೆಯಲ್ಲಿ ಅವರು ಕಂಡ ಹವಳವೆಂದರೆ ಅಜ್ಜಿಯ ಕೊರಳಿನ ಸರದಲ್ಲಿ ಮುತ್ತಿನ ಜೊತೆ ಪೋಣಿಸಿದ ಕೆಂಪು ಮಣಿ, ಇಲ್ಲವೇ ಕುಜದೋಷ ಪರಿಹಾರಕ್ಕೆಂದು ಯಾರೋ ತೊಟ್ಟ ಉಂಗುರದ ಕೆಂಪು ಹರಳು. ತುಟಿಯನ್ನು ಹವಳಕ್ಕೆ ಹೋಲಿಸಿದ ಕವಿಗಳೂ ಈ ಕೆಂಪನ್ನೇ ಮನಸ್ಸಿನಲ್ಲಿಟ್ಟುಕೊಂಡವರು. ಆದರೆ ಒಡವೆಯ ಆ ಹವಳ ಬರುವುದು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ಮಬ್ಬು ಬೆಳಕಿನ ತಾಣಗಳಿಂದ. ಅದು ದಿಬ್ಬ ಕಟ್ಟುವ ಜಾತಿಯೇ ಅಲ್ಲ.

ದಿಬ್ಬ ಕಟ್ಟುವ ಹವಳಗಳ ಬಣ್ಣ ನಿಜವಾಗಿ ನೋಡಿದವರಿಗೆ ಮೊದಲಿಗೆ ಸ್ವಲ್ಪ ನಿರಾಸೆಯೇ ಆಗಬಹುದು. ಅಲ್ಲಲ್ಲಿ ನೇರಳೆ, ನೀಲಿ, ಗುಲಾಬಿ ಇರುವುದುಂಟು. ಆದರೆ ಬಹುಪಾಲು ಹವಳ ಬೆಲ್ಲದ ಬಣ್ಣದ್ದು, ಹುಣಿಸೆಹಣ್ಣಿನ ಬಣ್ಣದ್ದು, ಒಣಗುತ್ತಿರುವ ತೆಂಗಿನ ಗರಿಯ ಬಣ್ಣದ್ದು. ಆರೋಗ್ಯವಂತ ಹವಳದ ದಿಬ್ಬವನ್ನು ಚಿತ್ರಿಸಬೇಕಾದರೆ ಪೆಟ್ಟಿಗೆಯಲ್ಲಿ ಬೇಗ ಖಾಲಿಯಾಗಬೇಕಾದ್ದು ಕಂದು ಬಣ್ಣ.

ಈ ಕಂದು ಯಾರದು? ಹವಳದ್ದಂತೂ ಅಲ್ಲ.

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ; ಅದೊಂದು ಪ್ರಾಣಿ. ಪಾಲಿಪ್ ಎಂಬ ಪುಟ್ಟ ಚೀಲದಂಥ ಜೀವಿ, ಬಾಯಿಯ ಸುತ್ತ ಮೀಸೆಯಂಥ ಎಳೆಗಳು, ಅಡಿಯಲ್ಲಿ ತಾನೇ ಕಟ್ಟಿಕೊಂಡ ಸುಣ್ಣದ ಬಟ್ಟಲು. ಇಂಥ ಸಾವಿರಾರು ಪಾಲಿಪ್‌ಗಳು ಒಟ್ಟಾಗಿ ಒಂದು ಹವಳ. ಅಂಥ ಹವಳಗಳ ತಲೆಮಾರುಗಳು ಸೇರಿ ಒಂದು ದಿಬ್ಬ. ಪಾಲಿಪ್‌ನ ಮೈ ಹೆಚ್ಚುಕಡಿಮೆ ಗಾಜಿನಂತೆ ಪಾರದರ್ಶಕ. ಆ ಮೈಯೊಳಗೆ ಏಕಕೋಶದ ಪಾಚಿಗಳು ಬಿಡಾರ ಹೂಡಿರುತ್ತವೆ. ಒಂದು ಚದರ ಸೆಂಟಿಮೀಟರಿನಷ್ಟು ಹವಳದ ಮೈಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಇರಬಹುದು. ಇವು ಬಿಸಿಲು ಹಿಡಿದು ಸಕ್ಕರೆ ತಯಾರಿಸಿ ಅದರಲ್ಲಿ ಹೆಚ್ಚಿನ ಪಾಲನ್ನು ಮನೆಯ ಒಡೆಯನಿಗೇ ಬಿಟ್ಟುಕೊಡುತ್ತವೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇಕಡಾ 90ರವರೆಗೂ ಹೀಗೆ ಬಾಡಿಗೆಯ ರೂಪದಲ್ಲಿ ಸಂದಾಯವಾಗುತ್ತದೆ. ಕಂದು ಬಣ್ಣ ಈ ಬಾಡಿಗೆದಾರರದು.

ನೀರು ಬಿಸಿಯಾದಾಗ ಈ ಸಂಸಾರ ಒಡೆಯುತ್ತದೆ. ಒಂದು ತಾಣದ ಅತಿ ಸೆಕೆಯ ತಿಂಗಳ ಸರಾಸರಿಗಿಂತ ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ, ಆ ಬಿಸಿ ಕೆಲವು ವಾರ ಇಳಿಯದೆ ನಿಂತರೆ ಸಾಕು. ಪಾಚಿಯ ದ್ಯುತಿಸಂಶ್ಲೇಷಣೆ ಹಳಿತಪ್ಪಿ ವಿಷಕಾರಿಯಾದ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಪಾಲಿಪ್ ತನ್ನ ಬಾಡಿಗೆದಾರರನ್ನು ಹೊರಹಾಕುತ್ತದೆ. ಬಣ್ಣ ಹೋದ ಪಾರದರ್ಶಕ ಮೈಯ ಮೂಲಕ ಕೆಳಗಿನ ಸುಣ್ಣದ ಗೂಡು ಬೆಳ್ಳಗೆ ಕಾಣುತ್ತದೆ. ಕಾಯಿಲೆ ಬಿದ್ದವರ ಮುಖ ಬಿಳಿಚಿಕೊಂಡಿದೆ ಎನ್ನುತ್ತೇವಲ್ಲ, ಹವಳಕ್ಕೂ ಆ ಮಾತು ಅಕ್ಷರಶಃ ಒಪ್ಪುತ್ತದೆ.

ಎರಡು ಚಿತ್ರದ ತಪ್ಪು

ಶಾಲೆಯ ಗೋಡೆಗಳಲ್ಲಿ, ವಿಜ್ಞಾನ ಮೇಳದ ಚಾರ್ಟುಗಳಲ್ಲಿ, ಎಷ್ಟೋ ಪುಸ್ತಕಗಳಲ್ಲಿ ಈ ಸಂಗತಿಯನ್ನು ಎರಡು ಚಿತ್ರಗಳಲ್ಲಿ ಮುಗಿಸುವುದು ರೂಢಿ. ಎಡಕ್ಕೆ ಕಾಮನಬಿಲ್ಲಿನ ಬಣ್ಣಗಳ ದಿಬ್ಬ, ಮೀನುಗಳು, ಕೆಳಗೆ ‘ಆರೋಗ್ಯವಂತ’ ಎಂಬ ಬರಹ. ಬಲಕ್ಕೆ ಬಿಳಿ ಎಲುಬಿನಂಥ ಕೊಂಬೆಗಳು, ಕೆಳಗೆ ‘ಸತ್ತ’ ಎಂಬ ಬರಹ. ನೋಡಲು ಚೆನ್ನ, ಬರೆಯಲು ಸುಲಭ. ಮಗುವಿನ ಪ್ರಾಜೆಕ್ಟನ್ನು ರಾತ್ರಿ ಹನ್ನೊಂದರವರೆಗೆ ಕೂತು ತಾವೇ ಮುಗಿಸಿಕೊಡುವ ತಂದೆತಾಯಿಗಳಿಗೂ ಅನುಕೂಲ. ತೊಂದರೆಯೆಂದರೆ ಚಿತ್ರ ಸುಳ್ಳು ಹೇಳುತ್ತದೆ.

ಬಿಸಿಯಿಂದ ಬಿಳಿಚಿದ ಹವಳ ಸತ್ತಿಲ್ಲ. ಅದು ಹಸಿದಿದೆ. ಎಳೆಗಳನ್ನು ಚಾಚಿ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತ ಕೆಲವು ವಾರ ಜೀವ ಹಿಡಿದುಕೊಂಡಿರಬಲ್ಲದು. ಅಷ್ಟರಲ್ಲಿ ನೀರು ತಣ್ಣಗಾದರೆ ಮೈಯಲ್ಲಿ ಅಳಿದುಳಿದ ಪಾಚಿ ಮತ್ತೆ ಹೆಚ್ಚಿಕೊಂಡು ಕಂದು ಮರಳುತ್ತದೆ. ತಣ್ಣಗಾಗದಿದ್ದರೆ ಹವಳ ಸಾಯುತ್ತದೆ. ಸತ್ತ ಮೇಲೆ ಅದು ಬೆಳ್ಳಗೆ ಉಳಿಯುವುದಿಲ್ಲ, ವಿಚಿತ್ರ ಇರುವುದು ಇಲ್ಲೇ. ಬೋಳಾದ ಸುಣ್ಣದ ಮೇಲೆ ಬೇರೊಂದು ಬಗೆಯ, ಎಳೆ ಎಳೆಯಾದ ಪಾಚಿ ಬೇಗನೆ ಹಬ್ಬಿ, ದೂರದಿಂದ ನೋಡಿದವರಿಗೆ ಹವಳ ಮತ್ತೆ ಕಂದುಹಸಿರಾಗಿ ಕಾಣುತ್ತದೆ. ‘ಬಿಳಿ ಎಂದರೆ ಸತ್ತದ್ದು, ಬಣ್ಣವಿದ್ದರೆ ಬದುಕಿರುವುದು’ ಎಂದು ಚಾರ್ಟಿನಿಂದ ಕಲಿತ ಹುಡುಗ ಬದುಕಿರುವುದನ್ನು ಸತ್ತಿದೆ ಎನ್ನುತ್ತಾನೆ, ಸತ್ತದ್ದನ್ನು ಚೇತರಿಸಿಕೊಂಡಿದೆ ಎನ್ನುತ್ತಾನೆ. ಎರಡೂ ಉತ್ತರ ತಪ್ಪು!

ಬಿಳಿಯ ಬಗ್ಗೆ ಈ ಗೊಂದಲ ಹಳೆಯದು. ಹತ್ತೊಂಬತ್ತನೆಯ ಶತಮಾನದ ಯೂರೋಪಿನವರು ಹವಳವನ್ನು ಹೆಚ್ಚಾಗಿ ಕಂಡಿದ್ದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳಲ್ಲಿ, ಒಣಗಿಸಿ ತೊಳೆದಿಟ್ಟ ಬಿಳಿ ಗೂಡಾಗಿ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಮೀನುಗಾರಿಕೆಯ ಅಧಿಕಾರಿಯಾಗಿದ್ದ ವಿಲಿಯಂ ಸ್ಯಾವಿಲ್-ಕೆಂಟ್ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಮಹಾದಿಬ್ಬದ ಮೇಲೆ 1893ರಲ್ಲಿ ಒಂದು ದೊಡ್ಡ ಗ್ರಂಥ ಪ್ರಕಟಿಸಿದಾಗ ಇಳಿತದ ವೇಳೆ ನೀರಿನಿಂದ ಹೊರಬಂದ ಹವಳಗಳ ಛಾಯಾಚಿತ್ರಗಳನ್ನು ಅದರಲ್ಲಿ ಸೇರಿಸಿದ. ಆ ಕಾಲದ ಕ್ಯಾಮೆರಾಕ್ಕೆ ಬಣ್ಣ ಗೊತ್ತಿಲ್ಲ. ಅದಕ್ಕೆಂದೇ ಜೀವಂತ ಹವಳಗಳನ್ನು ವರ್ಣಚಿತ್ರವಾಗಿಯೂ ಅಚ್ಚು ಹಾಕಿಸಿದ. ಗಾಜಿನ ಪೆಟ್ಟಿಗೆಯ ಬಿಳಿ ಹವಳವನ್ನಷ್ಟೇ ಬಲ್ಲವರಿಗೆ ಅದು ಹೊಸ ಲೋಕ. ನೂರು ವರ್ಷದ ಮೇಲೆ ಅದೇ ಮಹಾದಿಬ್ಬದಲ್ಲಿ ವಿಜ್ಞಾನಿಗಳಿಗೆ ಎದುರಾದದ್ದು ಬೇರೆ ಪ್ರಶ್ನೆ: ಬಣ್ಣ ಇದೆಯೋ ಇಲ್ಲವೋ ಎಂಬುದಲ್ಲ, ಎಷ್ಟಿದೆ ಎಂಬುದು.

ಇಪ್ಪತ್ತನಾಲ್ಕು ಚೌಕಗಳು

ಮಹಾದಿಬ್ಬದ ಉದ್ದ ಸುಮಾರು 2,300 ಕಿಲೋಮೀಟರ್. ಎಷ್ಟು ವಿಜ್ಞಾನಿಗಳಿದ್ದರೂ ಅಲ್ಲಿ ಮೂಲೆ ಮೂಲೆಗೆ ಮುಳುಗಿ ನೋಡಲಾಗದು. ಪ್ರವಾಸಿಗಳು, ದೋಣಿಯವರು, ಶಾಲಾಮಕ್ಕಳು ಕಂಡದ್ದನ್ನು ಬರೆದುಕೊಟ್ಟರೆ ಎಷ್ಟೋ ಉಪಕಾರ. ಆದರೆ ಬರೆಯುವುದು ಹೇಗೆ? ‘ಸ್ವಲ್ಪ ಬಿಳಿಚಿದೆ’, ‘ಬಹಳ ಬಿಳಿಚಿದೆ’ ಎಂದರೆ ಒಬ್ಬರ ಸ್ವಲ್ಪ ಇನ್ನೊಬ್ಬರ ಬಹಳ. ಸಾರಿಗೆ ಸ್ವಲ್ಪ ಉಪ್ಪು ಹಾಕು ಎಂದು ಇಬ್ಬರಿಗೆ ಹೇಳಿ ರುಚಿ ನೋಡಿದವರಿಗೆ ಇದು ಗೊತ್ತು.

1998ರಲ್ಲಿ ಒಮ್ಮೆ, 2002ರಲ್ಲಿ ಮತ್ತೊಮ್ಮೆ ಮಹಾದಿಬ್ಬ ದೊಡ್ಡ ಪ್ರಮಾಣದಲ್ಲಿ ಬಿಳಿಚಿತು. ಆ 2002ರಲ್ಲೇ ಬ್ರಿಸ್ಬೇನ್ ನಗರದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕೋರಲ್‌ವಾಚ್ ಎಂಬ ಯೋಜನೆ ಆರಂಭವಾಯಿತು. ಅದರ ಹಿಂದಿದ್ದ ಉಲ್ರಿಕೆ ಸೀಬೆಕ್ ಮತ್ತು ಜಸ್ಟಿನ್ ಮಾರ್ಷಲ್ ಇಬ್ಬರೂ ಸಮುದ್ರದ ಪ್ರಾಣಿಗಳ ಕಣ್ಣು ಬಣ್ಣವನ್ನು ಹೇಗೆ ಕಾಣುತ್ತದೆ ಎಂಬ ವಿಷಯದಲ್ಲಿ ಸಂಶೋಧನೆ ನಡೆಸಿದವರು. ಹವಳದ ಆರೋಗ್ಯವನ್ನು ಚಿತ್ರವಾಗಿಸುವ ಕೆಲಸಕ್ಕೆ ಕಣ್ಣಿನ ವಿಜ್ಞಾನಿಗಳು ಇಳಿದದ್ದು ಒಳ್ಳೆಯದೇ ಆಯಿತು ಎನ್ನಬೇಕು.

ಅವರು ರೂಪಿಸಿದ ಹವಳ ಆರೋಗ್ಯ ಪಟದಲ್ಲಿ ಮೀನಿಲ್ಲ, ಆಮೆಯಿಲ್ಲ, ಅಲೆಯಿಲ್ಲ. ನೀರಿಗೆ ಕೆಡದ ಚೌಕನೆಯ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ನಾಲ್ಕು ಛಾಯೆಗಳ ನಾಲ್ಕು ಸಾಲು, ಹೆಸರು ಬಿ, ಸಿ, ಡಿ, ಇ. ಒಂದೊಂದು ಸಾಲಿನಲ್ಲಿ ಆರು ಚೌಕ. 1 ಎಂದರೆ ಬಿಳಿಗೆ ಹತ್ತಿರ, 6 ಎಂದರೆ ಗಾಢ. ಒಟ್ಟು 24 ಚೌಕ, ಅಷ್ಟೇ. ಮುಳುಗಿದವನು ಯಾವುದಾದರೊಂದು ಹವಳವನ್ನು ಆರಿಸಿ, ಮುಟ್ಟದೆ, ಪಟವನ್ನು ಅದರ ಪಕ್ಕಕ್ಕೆ ಹಿಡಿದು ತಿರುಗಿಸುತ್ತಾನೆ. ಹವಳದ ಅತಿ ತಿಳಿಯಾದ ಭಾಗಕ್ಕೆ ಹೊಂದುವ ಚೌಕ ಯಾವುದು? ಡಿ2 ಎಂದು ಬರೆದುಕೊಳ್ಳುತ್ತಾನೆ. ಅತಿ ಗಾಢವಾದ ಭಾಗಕ್ಕೆ? ಡಿ4. ಹವಳದ ಆಕಾರ ಕೊಂಬೆಯದೋ, ಗುಂಡುಕಲ್ಲಿನದೋ, ತಟ್ಟೆಯದೋ, ಮೆತ್ತನೆಯದೋ ಎಂಬುದನ್ನೂ ಗುರುತಿಸಿ ಮುಂದಿನ ಹವಳಕ್ಕೆ ಹೋಗುತ್ತಾನೆ. ಹೀಗೆ ಕನಿಷ್ಠ ಇಪ್ಪತ್ತು.

ಭತ್ತದ ಗದ್ದೆಯಲ್ಲಿ ಎಲೆ ಬಣ್ಣದ ಪಟ್ಟಿ ಹಿಡಿದು ಯೂರಿಯಾ ಹಾಕಬೇಕೋ ಬೇಡವೋ ಎಂದು ನಿರ್ಧರಿಸುವ ರೈತರಿಗೆ ಇದು ಹೊಸದಲ್ಲ. ಅಲ್ಲಿ ಎಲೆಯ ಹಸಿರು ಸಾರಜನಕದ ಸುದ್ದಿ ಹೇಳುತ್ತದೆ, ಇಲ್ಲಿ ಹವಳದ ಕಂದು ಪಾಚಿಯ ಸುದ್ದಿ ಹೇಳುತ್ತದೆ. ಎಲೆಯನ್ನು ನೋಡುವಾಗ ನೇರ ಬಿಸಿಲು ಬೀಳದಂತೆ ಮೈ ಅಡ್ಡ ಮಾಡಿ ನೆರಳಿನಲ್ಲಿ ನೋಡಬೇಕೆಂಬ ನಿಯಮ ಇದೆಯಷ್ಟೆ. ಸಮುದ್ರದಲ್ಲಿ ಬೆಳಕಿನ ಸಮಸ್ಯೆ ಇನ್ನೂ ದೊಡ್ಡದು. ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರುಗಳಲ್ಲೇ ನುಂಗಿಬಿಡುತ್ತದೆ. ಹತ್ತು ಮೀಟರ್ ಕೆಳಗೆ ಕೆಂಪು ಅಂಗಿಯೂ ಮಂಕಾಗಿ, ಕಪ್ಪಿಟ್ಟಂತೆ ಕಾಣುತ್ತದೆ. ಆದ್ದರಿಂದ ಕೆಳಗೆ ನೋಡಿ, ಮೇಲೆ ಬಂದು, ನೆನಪಿನಿಂದ ಹೋಲಿಸುವಂತಿಲ್ಲ. ಪಟವೇ ನೀರಿಗಿಳಿಯಬೇಕು. ಆಗ ಹವಳಕ್ಕೆ ಯಾವ ಬೆಳಕೋ ಪಟಕ್ಕೂ ಅದೇ ಬೆಳಕು. ನೀರು ಎರಡಕ್ಕೂ ಒಂದೇ ಮೋಸ ಮಾಡುತ್ತದೆ, ಹೋಲಿಕೆ ಕೆಡುವುದಿಲ್ಲ. ಇಷ್ಟು ಸರಳವಾದ ಉಪಾಯ!

ಬಣ್ಣದ ಚೌಕಕ್ಕೂ ಪಾಚಿಗೂ ನಿಜವಾಗಿ ನಂಟಿದೆಯೇ ಎಂದು ಪರೀಕ್ಷಿಸದೆ ಪಟವನ್ನು ಜನರ ಕೈಗೆ ಕೊಟ್ಟಿದ್ದರೆ ಅದು ಬರೀ ಅಲಂಕಾರವಾಗುತ್ತಿತ್ತು. ಸೀಬೆಕ್, ಮಾರ್ಷಲ್ ಮತ್ತು ಅವರ ಸಹೋದ್ಯೋಗಿಗಳು ಹವಳದಲ್ಲಿರುವ ಪಾಚಿಯ ಸಾಂದ್ರತೆಯನ್ನೂ ಪತ್ರಹರಿತ್ತಿನ ಪ್ರಮಾಣವನ್ನೂ ಅಳೆದು, ಪಟದ ಅಂಕಗಳೊಡನೆ ತಾಳೆ ನೋಡಿ 2006ರಲ್ಲಿ ಪ್ರಕಟಿಸಿದರು. ತಿಳಿದದ್ದು ಇದು: ಅಂಕ ಎರಡು ಅಥವಾ ಹೆಚ್ಚು ಬದಲಾದರೆ ಹವಳದೊಳಗಿನ ಪಾಚಿಯ ಸ್ಥಿತಿಯೂ ಬದಲಾಗಿದೆ ಎಂದರ್ಥ. ಪರಿಣತರಲ್ಲದವರು ಪಟ ಹಿಡಿದಾಗ ಒಬ್ಬರಿಗೂ ಇನ್ನೊಬ್ಬರಿಗೂ ಬರುವ ವ್ಯತ್ಯಾಸ ಒಂದು ಅಂಕದಷ್ಟು. ವಿದ್ಯಾರ್ಥಿಗಳು ಈ ಎರಡು ವಾಕ್ಯಗಳನ್ನು ಒಟ್ಟಿಗಿಟ್ಟು ಯೋಚಿಸಬೇಕು. ಕಣ್ಣಿನ ತಪ್ಪು ಒಂದು ಅಂಕ, ರೋಗದ ಗುರುತು ಎರಡು ಅಂಕ. ತಪ್ಪಿಗಿಂತ ಗುರುತು ದೊಡ್ಡದಿರುವುದರಿಂದಲೇ ಪಟ ಕೆಲಸಕ್ಕೆ ಬರುತ್ತದೆ. ಸಾಲಿಗೆ ಆರರ ಬದಲು ಇಪ್ಪತ್ತು ಚೌಕ ಮಾಡಿದ್ದರೆ ಹೆಚ್ಚು ನಿಖರ ಆಗುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಪಕ್ಕಪಕ್ಕದ ಚೌಕಗಳನ್ನು ಕಣ್ಣು ಬೇರ್ಪಡಿಸಲಾರದೆ ಹೋದರೆ ಹೆಚ್ಚಾಗುವುದು ಚೌಕಗಳ ಸಂಖ್ಯೆ ಮಾತ್ರ, ನಿಖರತೆಯಲ್ಲ.

ಒಂದೇ ಸಲದ ಅಂಕ ಹೆಚ್ಚೇನೂ ಹೇಳುವುದಿಲ್ಲ ಎಂಬುದೂ ನೆನಪಿರಲಿ. ಹುಟ್ಟಿನಿಂದಲೇ ತಿಳಿಬಣ್ಣದ ಹವಳಗಳಿವೆ. ಅದೇ ತಾಣಕ್ಕೆ ತಿಂಗಳುಗಳ ಅಂತರದಲ್ಲಿ ಮತ್ತೆ ಮತ್ತೆ ಹೋಗಿ ನೋಡಿದಾಗಲೇ ಸರಾಸರಿ ಇಳಿಯಿತೋ ಏರಿತೋ ತಿಳಿಯುವುದು.

ಎಲ್ಲ ಬಿಳಿಯೂ ಒಂದೇ ಅಲ್ಲ

ಪಟ ಬಳಸುವವರಿಗೆ ಕೊಡುವ ಸೂಚನೆಗಳಲ್ಲಿ ಕೊಂಬೆ ಹವಳದ ತುದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂಬುದೂ ಒಂದು. ಬೆಳೆಯುವ ತುದಿಯಲ್ಲಿ ಪಾಚಿ ಇನ್ನೂ ನೆಲೆಸಿರುವುದಿಲ್ಲ. ಅಲ್ಲಿ ಬಿಳಿ ಎಂದರೆ ಚಿಗುರು. ಕ್ರೌನ್-ಆಫ್-ಥಾರ್ನ್ಸ್ ಎಂಬ ಮುಳ್ಳು ನಕ್ಷತ್ರಮೀನು ಹವಳದ ಮಾಂಸವನ್ನು ಅರಗಿಸಿ ಹೀರಿಕೊಂಡು ಹೋದ ಜಾಗವೂ ಬೆಳ್ಳಗಿರುತ್ತದೆ. ಅಲ್ಲಿ ಬಿಳಿ ಎಂದರೆ ನಿಜವಾದ ಸಾವು. ಒಂದೇ ಬಣ್ಣಕ್ಕೆ ಹುಟ್ಟು, ಹಸಿವು, ಸಾವು ಮೂರೂ ಅರ್ಥ.

ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ಬಿಸಿ ತೀರ ವಿಪರೀತವಾಗಿರದಿದ್ದಾಗ ಕೆಲವು ಹವಳಗಳು ಪಾಚಿ ಕಳೆದುಕೊಂಡು ಬಿಳಿಚುವ ಬದಲು ನೀಲಿ, ಹಳದಿ, ನೇರಳೆಯಾಗಿ ದೀಪದಂತೆ ಹೊಳೆಯತೊಡಗುತ್ತವೆ. ಪಾಚಿ ಇಲ್ಲದ ಮೈಗೆ ಬಿಸಿಲು ನೇರವಾಗಿ ತಾಕಿದಾಗ ಹವಳ ತಾನೇ ತಯಾರಿಸಿಕೊಳ್ಳುವ ಬಣ್ಣದ ಕೊಡೆ ಅದು. ಪಾಚಿ ಮರಳಿ ಬರಲು ಅದು ನೆರವಾಗುತ್ತದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕ್ಯಾಲೆಂಡರಿಗೆ ಹೇಳಿ ಮಾಡಿಸಿದಂತಿರುವ ಹೊಳೆಯುವ ಹವಳದ ಫೋಟೋ ಕಂಡಾಗ ‘ಎಷ್ಟು ಆರೋಗ್ಯವಾಗಿದೆ’ ಎನ್ನುವ ಮೊದಲು ಒಂದು ಕ್ಷಣ ತಡೆಯಬೇಕು.

ಚಿತ್ರಕ್ಕೆ ಬಣ್ಣ ಸಾಲದೆ ಹೋದ ಪ್ರಸಂಗವೂ ನಡೆದಿದೆ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾ, ಉಪಗ್ರಹಗಳು ಅಳೆದ ತಾಪದಿಂದ ಜಗತ್ತಿನ ಹವಳಗಳ ಎಚ್ಚರಿಕೆಯ ನಕ್ಷೆ ಬರೆಯುತ್ತದೆ. ಅದರ ಲೆಕ್ಕ ಡಿಗ್ರಿ-ವಾರದ್ದು: ಮಾಮೂಲು ಗರಿಷ್ಠಕ್ಕಿಂತ ಎರಡು ಡಿಗ್ರಿ ಹೆಚ್ಚಿನ ಬಿಸಿ ನಾಲ್ಕು ವಾರ ನಿಂತರೆ ಎಂಟು ಡಿಗ್ರಿ-ವಾರ. ನಾಲ್ಕಕ್ಕೆ ಬಿಳಿಚುವಿಕೆ, ಎಂಟಕ್ಕೆ ಸಾವು ಶುರು ಎಂದು ಅಂದಾಜು. ಎಂಟು ಮತ್ತು ಮೇಲ್ಪಟ್ಟದ್ದೆಲ್ಲ ಎರಡನೆಯ ಎಚ್ಚರಿಕೆಯ ಒಂದೇ ಬಣ್ಣದಲ್ಲಿ ಮುಗಿಯುತ್ತಿತ್ತು. 2023ರಲ್ಲಿ ಕೆರಿಬಿಯನ್ ಕಡೆಯ ಕೆಲವು ತಾಣಗಳಲ್ಲಿ ಲೆಕ್ಕ ಇಪ್ಪತ್ತನ್ನೂ ದಾಟಿತು. ಹದಿಮೂರೂ ಒಂದೇ ಬಣ್ಣ, ಇಪ್ಪತ್ತೂ ಒಂದೇ ಬಣ್ಣ ಎಂದಾದರೆ ನಕ್ಷೆಗೆ ಅರ್ಥವಿಲ್ಲ. ಮೂರು, ನಾಲ್ಕು, ಐದನೆಯ ಎಚ್ಚರಿಕೆಗಳನ್ನು ಸೇರಿಸಿ ಬಣ್ಣದ ಪಟ್ಟಿಯನ್ನೇ ಉದ್ದ ಮಾಡಬೇಕಾಯಿತು.

ಹಾಗಾದರೆ ಚಾರ್ಟ್ ಪೇಪರಿನ ಮುಂದೆ ಕೂತ ವಿದ್ಯಾರ್ಥಿ ಏನು ಬರೆಯಬೇಕು? ಎರಡರ ಬದಲು ಕಡೇಪಕ್ಷ ನಾಲ್ಕು ಚಿತ್ರ ಬೇಕು: ಕಂದು, ತಿಳಿಗಂದು, ಬಿಳಿ, ಕೊನೆಗೆ ಪಾಚಿ ಮುಸುಕಿದ ಸತ್ತ ಹವಳ. ಮೂರನೆಯದರ ಕೆಳಗೆ ‘ಬದುಕಿದೆ’ ಎಂದು ದಪ್ಪ ಅಕ್ಷರದಲ್ಲೇ ಬರೆಯಬೇಕು. ಪ್ರತಿ ಚಿತ್ರದ ಮೂಲೆಯಲ್ಲಿ ಒಂದು ವೃತ್ತ ಹಾಕಿ ಅದರೊಳಗೆ ಪಾಲಿಪ್‌ನ ಮೈಯನ್ನು ದೊಡ್ಡದು ಮಾಡಿ ತೋರಿಸಿ, ಪಾಚಿಗೆ ಚುಕ್ಕೆ ಇಟ್ಟರೆ ಇನ್ನೂ ಸ್ಪಷ್ಟ. ಮೊದಲ ವೃತ್ತದ ತುಂಬ ಚುಕ್ಕೆ, ಎರಡನೆಯದರಲ್ಲಿ ಅರ್ಧ, ಮೂರನೆಯದರಲ್ಲಿ ನಾಲ್ಕೋ ಐದೋ. ಆ ನಾಲ್ಕೈದು ಚುಕ್ಕೆಗಳನ್ನು ಮರೆಯಬಾರದು, ಮರಳಿ ಬೆಳೆಯುವುದು ಅವುಗಳಿಂದ. ನಾಲ್ಕನೆಯದರಲ್ಲಿ ಚುಕ್ಕೆಯೂ ಇಲ್ಲ, ಪಾಲಿಪೂ ಇಲ್ಲ.

ಸಮುದ್ರವೇ ಕಾಣದ ಊರಿನಲ್ಲೂ ಪಟದ ತತ್ವವನ್ನು ಪರೀಕ್ಷಿಸಬಹುದು. ಒಂದೇ ಕಂದು ಬಣ್ಣಕ್ಕೆ ಹಂತ ಹಂತವಾಗಿ ನೀರು ಬೆರೆಸಿ ಬಿಳಿ ರಟ್ಟಿನ ಮೇಲೆ ಆರು ಚೌಕ ತುಂಬಿ, ಒಣಗಿದ ಮೇಲೆ ಅಂಕ ಹಾಕಿ. ಬೇರೆ ಬೇರೆ ಪ್ರಮಾಣದಲ್ಲಿ ಡಿಕಾಕ್ಷನ್ ಬೆರೆಸಿದ ಐದು ಲೋಟ ಚಹಾ ಇಟ್ಟು, ಮನೆಮಂದಿಯೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಅಂಕ ಬರೆಯಲಿ. ತಾಳೆ ನೋಡಿದಾಗ ಬರುವ ವ್ಯತ್ಯಾಸವೇ ನಿಮ್ಮ ಪಟದ ದೋಷಮಿತಿ. ಅದೇ ಲೋಟಗಳನ್ನು ರಾತ್ರಿ ಬಲ್ಬಿನ ಕೆಳಗೆ ಮತ್ತೊಮ್ಮೆ ನೋಡಿದರೆ ಪಟವನ್ನು ನೀರಿಗಿಳಿಸಿದ್ದರ ಕಾರಣ ಇನ್ನಷ್ಟು ಚೆನ್ನಾಗಿ ಮನದಟ್ಟಾಗುತ್ತದೆ.

ಹವಳ ಕನ್ನಡಿಗರಿಗೆ ಅಷ್ಟೇನೂ ದೂರದ ಸಂಗತಿಯಲ್ಲ. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಮಂಗಳೂರಿನ ಹಳೆ ಬಂದರಿನಿಂದ ಸಾಮಾನು ತುಂಬಿದ ಹಡಗುಗಳು ಹೋಗುವ ಲಕ್ಷದ್ವೀಪವಂತೂ ಹವಳವೇ ಕಟ್ಟಿದ ನೆಲ. ಅದರ ಅಮೀನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು. ಅಲ್ಲಿ 1998, 2010, 2016 ಮತ್ತು 2024ರಲ್ಲಿ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿದವು.

ಚಾರ್ಟಿನಲ್ಲಿ ಇನ್ನೊಂದು ಬಾಣ ಉಳಿದಿದೆ: ಸತ್ತ ದಿಬ್ಬದಿಂದ ಮತ್ತೆ ಜೀವಂತ ದಿಬ್ಬಕ್ಕೆ ಬರುವ ಬಾಣ. ಅದನ್ನು ಬರೆಯಬಹುದೇ? ಬರೆಯಬಹುದು. ಪಶ್ಚಿಮ ಆಸ್ಟ್ರೇಲಿಯದ ತೀರದಿಂದ ದೂರವಿರುವ ಸ್ಕಾಟ್ ರೀಫ್‌ನಲ್ಲಿ 1998ರ ಬಿಸಿಯ ಹೊಡೆತದ ನಂತರ ಜೀವಂತ ಹವಳದ ಹರವು ಶೇಕಡಾ 9ಕ್ಕೆ ಇಳಿದಿತ್ತು. ಹನ್ನೆರಡು ವರ್ಷಗಳಲ್ಲಿ ಅದು ಶೇಕಡಾ 44ಕ್ಕೆ ಏರಿತು. ಆದರೆ ಈ ಬಾಣವನ್ನು ಕೈಗೆ ಬಂದಷ್ಟು ಉದ್ದ ಎಳೆಯದೆ ಅಳತೆಪಟ್ಟಿ ಹಿಡಿದು, ವರ್ಷಕ್ಕೆ ಒಂದು ಸೆಂಟಿಮೀಟರಿನಂತೆ ಎಳೆಯಬೇಕು. ಹನ್ನೆರಡು ಸೆಂಟಿಮೀಟರ್ ಆಯಿತು. ಅದರ ಕೆಳಗೆ ಅದೇ ಅಳತೆಯಲ್ಲಿ ಮಹಾದಿಬ್ಬ ಇತ್ತೀಚೆಗೆ ದೊಡ್ಡ ಪ್ರಮಾಣದಲ್ಲಿ ಬಿಳಿಚಿದ ವರ್ಷಗಳನ್ನು ಗುರುತಿಸಿ: 2016, 2017, 2020, 2022, 2024. ನಡುವಿನ ಜಾಗ ಒಂದು ಸೆಂಟಿಮೀಟರ್, ಮೂರು, ಎರಡು, ಎರಡು. ಸ್ಕಾಟ್ ರೀಫ್ ಕೂಡ 2016ರಲ್ಲಿ ಮತ್ತೆ ಬಿಳಿಚಿತು.